ಭೌತಚಿಕಿತ್ಸಕ

ಭೌತಚಿಕಿತ್ಸಕ ಅಥವಾ ಫಿಸಿಯೋಥೆರಪಿಸ್ಟ್ ಎಂದರೆ ಕಾಯಿಲೆ, ಅಪಘಾತ, ಶಸ್ತ್ರಚಿಕಿತ್ಸೆ, ಹುಟ್ಟಿನಿಂದ ಬಂದ ನ್ಯೂನತೆ ಅಥವಾ ವಯಸ್ಸಿನ ಕಾರಣದಿಂದ ದೇಹದ ಚಲನೆಯಲ್ಲಿ ಉಂಟಾದ ತೊಡಕನ್ನು ಪರೀಕ್ಷಿಸಿ, ವ್ಯಾಯಾಮ, ಕೈಗಳಿಂದ ಮಾಡುವ ಉಪಚಾರ, ಶಾಖ, ಶೈತ್ಯ, ವಿದ್ಯುತ್ ಮೊದಲಾದವುಗಳ ನೆರವಿನಿಂದ ಅದನ್ನು ನಿವಾರಿಸುವ ಅಥವಾ ತಗ್ಗಿಸುವ ಆರೋಗ್ಯ ವೃತ್ತಿಪರ. ಔಷಧಿ ಬರೆದುಕೊಡುವುದು, ಶಸ್ತ್ರಚಿಕಿತ್ಸೆ ಮಾಡುವುದು ಈ ವೃತ್ತಿಯ ವ್ಯಾಪ್ತಿಗೆ ಸೇರಿಲ್ಲ. ಪಾರ್ಶ್ವವಾಯುವಿಗೆ ಒಳಗಾದವರು, ಮೂಳೆ ಮುರಿದವರು, ಬೆನ್ನುಹುರಿಗೆ ಪೆಟ್ಟಾದವರು, ಉಸಿರಾಟದ ತೊಂದರೆಯುಳ್ಳವರು, ಮಿದುಳಿನ ಪಾರ್ಶ್ವವಾಯು ಇರುವ ಮಕ್ಕಳು, ಕೀಲುನೋವಿನ ವೃದ್ಧರು, ಕ್ರೀಡಾಪಟುಗಳು ಇವರೆಲ್ಲ ಭೌತಚಿಕಿತ್ಸಕರ ಬಳಿಗೆ ಬರುತ್ತಾರೆ.

ವೃತ್ತಿಯ ಸ್ವರೂಪ ಎಲ್ಲೆಡೆ ಒಂದೇ ಆದರೂ ಅದನ್ನು ನಡೆಸುವ ರೀತಿ ನೆಲಕ್ಕೆ ತಕ್ಕಂತೆ ಬದಲಾಗುತ್ತದೆ. ಬಾಬಾಬುಡನ್‌ಗಿರಿ ಶ್ರೇಣಿಯ ಸುತ್ತಲಿನ ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ತಾಲ್ಲೂಕುಗಳ ಕಾಫಿ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ. ಸಮತಟ್ಟಾದ ನೆಲವೇ ಅಪರೂಪವಾದ, ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕಾದ ಈ ಪ್ರದೇಶದಲ್ಲಿ ಭೌತಚಿಕಿತ್ಸಕರ ಕೆಲಸದ ಬಹುಪಾಲು, ಚಿಕಿತ್ಸಕರು ಎದುರಿಗಿಲ್ಲದ ದಿನಗಳಲ್ಲಿ ರೋಗಿ ಮತ್ತು ಮನೆಯವರು ಏನು ಮಾಡಬೇಕೆಂಬುದನ್ನು ಕಲಿಸುವುದೇ ಆಗಿರುತ್ತದೆ.

ಹೆಸರು ಮತ್ತು ಬಳಕೆ

‘ಭೌತಚಿಕಿತ್ಸೆ’ ಎಂಬುದು ಪಠ್ಯಪುಸ್ತಕ ಹಾಗೂ ನಾಮಫಲಕಗಳ ಪದ. ಆಡುಮಾತಿನಲ್ಲಿ ‘ಫಿಸಿಯೋ’ ಎಂಬ ಮೊಟಕು ರೂಪ ನೆಲೆಗೊಂಡಿದೆ. ಹಳ್ಳಿಗಳಲ್ಲಿ ಇದಕ್ಕಿಂತಲೂ ಹೆಚ್ಚಾಗಿ ಕೇಳಿಬರುವ ಮಾತು ‘ಕರೆಂಟ್ ಕೊಡಿಸುವುದು’. ನೋವಿರುವ ಭಾಗದ ಮೇಲೆ ಪಟ್ಟಿಗಳನ್ನಿಟ್ಟು ಅತಿ ಸಣ್ಣ ಪ್ರಮಾಣದ ವಿದ್ಯುತ್ತನ್ನು ಹಾಯಿಸುವ ಯಂತ್ರದಿಂದ ಈ ಹೆಸರು ಬಂದಿದೆ. ಯಂತ್ರವು ನೋವನ್ನು ಸ್ವಲ್ಪ ಕಾಲ ಶಮನಗೊಳಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುವ ಸಾಧನ ಮಾತ್ರ. ಆದರೆ ಹೆಸರು ಸಾಧನವನ್ನೇ ಚಿಕಿತ್ಸೆಯ ಸ್ಥಾನಕ್ಕೆ ಏರಿಸಿಬಿಟ್ಟಿದೆ. ಹತ್ತು ದಿನ ಕರೆಂಟ್ ಕೊಡಿಸಿಕೊಂಡು, ಹೇಳಿಕೊಟ್ಟ ವ್ಯಾಯಾಮವನ್ನು ಒಂದು ದಿನವೂ ಮಾಡದೆ, ‘ಗುಣ ಕಾಣಲಿಲ್ಲ’ ಎಂದು ಚಿಕಿತ್ಸೆ ಬಿಡುವವರು ಕಡಿಮೆಯಲ್ಲ.

ಭೌತಚಿಕಿತ್ಸೆಯು ಎಣ್ಣೆ ನೀವುವ ಅಂಗಮರ್ದನದಿಂದಲೂ, ಮೂಳೆ ಕೂಡಿಸಿ ಕಟ್ಟು ಹಾಕುವ ನಾಟಿ ಪದ್ಧತಿಯಿಂದಲೂ ಬೇರೆಯಾದುದು. ಮೂಳೆ ಮತ್ತು ಕೀಲು ತಜ್ಞ ವೈದ್ಯರ ಕೆಲಸವೂ ಇದಲ್ಲ. ಮುರಿದ ಮೂಳೆಯನ್ನು ಕೂಡಿಸುವುದು ಅವರ ಹೊಣೆಯಾದರೆ, ಕೂಡಿದ ಮೂಳೆಯ ಕೈ ಮತ್ತೆ ತುತ್ತನ್ನು ಬಾಯಿಗೆ ಒಯ್ಯುವಂತೆ ಮಾಡುವುದು ಭೌತಚಿಕಿತ್ಸಕರ ಹೊಣೆ.

ವೃತ್ತಿಯ ಹುಟ್ಟು

ಆಧುನಿಕ ಭೌತಚಿಕಿತ್ಸೆಯ ಮೂಲವನ್ನು ಸಾಮಾನ್ಯವಾಗಿ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಅವರಲ್ಲಿ ಗುರುತಿಸಲಾಗುತ್ತದೆ. ಅವರು 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂಗಸಾಧನೆಯ ಸಂಸ್ಥೆಯೊಂದನ್ನು ಸ್ಥಾಪಿಸಿದರು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಕಟ್ಟಿದ ಸಂಘವು ಮುಂದೆ ಬ್ರಿಟನ್ನಿನ ಭೌತಚಿಕಿತ್ಸಕರ ಅಧಿಕೃತ ಸಂಸ್ಥೆಯಾಗಿ ಬೆಳೆಯಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಮತ್ತು ಆ ಬಳಿಕ ಪೋಲಿಯೋ ಪೀಡಿತ ಮಕ್ಕಳು ಈ ವೃತ್ತಿಯ ಅಗತ್ಯವನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟರು. ಭಾರತದಲ್ಲಿಯೂ ಪೋಲಿಯೋ ಪಿಡುಗೇ ಕಾರಣವಾಗಿ 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಭೌತಚಿಕಿತ್ಸೆಯ ಶಾಲೆ ಆರಂಭವಾಯಿತು. ಭಾರತೀಯ ಭೌತಚಿಕಿತ್ಸಕರ ಸಂಘ ಸ್ಥಾಪನೆಯಾದದ್ದು 1955ರಲ್ಲಿ. ಜಾಗತಿಕ ಒಕ್ಕೂಟ 1951ರಲ್ಲಿ ರೂಪುಗೊಂಡಿತು. ಆ ದಿನದ ನೆನಪಿಗಾಗಿ ಸೆಪ್ಟೆಂಬರ್ 8ನ್ನು ವಿಶ್ವ ಭೌತಚಿಕಿತ್ಸಾ ದಿನವಾಗಿ ಆಚರಿಸಲಾಗುತ್ತದೆ.

2014ರ ಮಾರ್ಚ್‌ನಲ್ಲಿ ಭಾರತವನ್ನು ಒಳಗೊಂಡ ಆಗ್ನೇಯ ಏಷ್ಯಾ ವಲಯವು ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ವೃತ್ತಿಯನ್ನು ಹುಟ್ಟುಹಾಕಿದ ರೋಗ ಹೋಯಿತು. ಅದರ ಜಾಗವನ್ನು ರಸ್ತೆ ಅಪಘಾತ, ಪಾರ್ಶ್ವವಾಯು, ಮಧುಮೇಹ ಮತ್ತು ವೃದ್ಧಾಪ್ಯದ ತೊಂದರೆಗಳು ತುಂಬಿದವು.

ಶಿಕ್ಷಣ ಮತ್ತು ತರಬೇತಿ

ಭೌತಚಿಕಿತ್ಸಕರಾಗಲು ಬೇಕಾದ ಮೂಲ ಪದವಿ ಬಿ.ಪಿ.ಟಿ. ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಓದಿದವರು ಇದಕ್ಕೆ ಸೇರಬಹುದು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಈ ವ್ಯಾಸಂಗವು ನಾಲ್ಕು ವರ್ಷಗಳ ಪಾಠ ಹಾಗೂ ಆರು ತಿಂಗಳ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ್ದಾಗಿ ನಡೆದುಬಂದಿದೆ. ಬಳಿಕ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂ.ಪಿ.ಟಿ.ಯಲ್ಲಿ ಮೂಳೆ-ಸ್ನಾಯು, ನರಮಂಡಲ, ಹೃದಯ-ಶ್ವಾಸಕೋಶ, ಮಕ್ಕಳು, ಕ್ರೀಡೆ, ಸಮುದಾಯ ಮೊದಲಾದ ವಿಶೇಷ ಶಾಖೆಗಳಿವೆ.

ಮೊದಲ ವರ್ಷ ಅಂಗರಚನಾಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರಕ್ಕೆ ಮೀಸಲು. ವಿದ್ಯಾರ್ಥಿಗಳು ಪ್ರತಿಯೊಂದು ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಯಾವ ನರ ಅದನ್ನು ನಡೆಸುತ್ತದೆ ಎಂಬುದನ್ನು ಕಲಿಯುತ್ತಾರೆ. ಇದರೊಂದಿಗೆ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದ ಪಾಠಗಳಿರುತ್ತವೆ. ವಿದ್ಯಾರ್ಥಿಗಳು ಹಗುರವಾಗಿ ಕಾಣುವ ಈ ಎರಡು ವಿಷಯಗಳು ಮುಂದೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಬಳಿಕ ದೇಹದ ಚಲನೆಯ ಯಾಂತ್ರಿಕ ನಿಯಮಗಳು, ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆ, ಆಮೇಲೆ ಮೂಳೆರೋಗ, ನರರೋಗ, ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳಲ್ಲಿ ಭೌತಚಿಕಿತ್ಸೆ, ಕೊನೆಗೆ ಸಮುದಾಯ ಆಧಾರಿತ ಪುನರ್ವಸತಿ. ಇಂಟರ್ನ್‌ಶಿಪ್ ಅವಧಿಯಲ್ಲಿ ತೀವ್ರ ನಿಗಾ ಘಟಕದಿಂದ ಹೊರರೋಗಿ ವಿಭಾಗದವರೆಗೆ ಸರದಿಯಂತೆ ಕೆಲಸ ಮಾಡಬೇಕು.

ರಾಜ್ಯದ ಭೌತಚಿಕಿತ್ಸಾ ಕಾಲೇಜುಗಳು ಹೆಚ್ಚಾಗಿ ಬೆಂಗಳೂರು, ಮಂಗಳೂರು, ಮಣಿಪಾಲ, ಮೈಸೂರು, ಬೆಳಗಾವಿಯಂತಹ ಊರುಗಳಲ್ಲಿವೆ. ಹೀಗಾಗಿ ವಿದ್ಯಾರ್ಥಿ ರೋಗಿಯನ್ನು ನಡೆಸಲು ಕಲಿಯುವುದು ನುಣುಪು ನೆಲದ ಹಜಾರದಲ್ಲಿ, ಎರಡೂ ಕಡೆ ಉಕ್ಕಿನ ಸರಳುಗಳ ನಡುವೆ. ಪದವಿ ಪಡೆದು ಮಲೆನಾಡಿಗೆ ಬಂದ ಮೇಲೆ ಎದುರಾಗುವುದು ಬೇರೆಯೇ ನೆಲ.

ಬಹುಕಾಲ ಈ ವೃತ್ತಿಗೆ ದೇಶಮಟ್ಟದ ನಿಯಂತ್ರಣ ಮಂಡಳಿ ಇರಲಿಲ್ಲ. ಅಲ್ಪಾವಧಿ ತರಬೇತಿ ಪಡೆದವರೂ ಪದವೀಧರರೂ ಒಂದೇ ಬಗೆಯ ಫಲಕ ಹಾಕಿಕೊಳ್ಳಲು ಅವಕಾಶವಿತ್ತು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಕಾಯ್ದೆಯು ಭೌತಚಿಕಿತ್ಸಕರಿಗೆ ಪದವಿಯನ್ನು ಕನಿಷ್ಠ ಅರ್ಹತೆಯೆಂದು ನಿಗದಿಪಡಿಸಿ, ರಾಜ್ಯ ಮಂಡಳಿಗಳಲ್ಲಿ ನೋಂದಣಿಗೆ ಅವಕಾಶ ಮಾಡಿತು. ಸ್ವತಂತ್ರವಾಗಿಯೂ ಇತರ ವೈದ್ಯಕೀಯ ತಂಡದೊಡನೆಯೂ ಅವರು ಕೆಲಸ ಮಾಡಬಹುದೆಂದು ಕಾಯ್ದೆ ಹೇಳುತ್ತದೆ. ಹೆಸರಿನ ಹಿಂದೆ ‘ಡಾ.’ ಎಂದು ಬರೆದುಕೊಳ್ಳುವ ವಿಷಯ ಮಾತ್ರ ವಿವಾದವಾಗಿಯೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಅದನ್ನು ಬಳಸಕೂಡದೆಂದು ಪತ್ರ ಹೊರಡಿಸಿ, ಮರುದಿನವೇ ಹಿಂತೆಗೆದುಕೊಂಡಿತು.

ಪರೀಕ್ಷೆ ಮತ್ತು ಚಿಕಿತ್ಸೆಯ ಕ್ರಮ

ಭೌತಚಿಕಿತ್ಸಕರು ಮೊದಲು ಮಾಡುವುದು ಕೇಳುವ ಮತ್ತು ನೋಡುವ ಕೆಲಸ. ರೋಗಿ ಕೋಣೆಯೊಳಗೆ ನಡೆದು ಬರುವ ಬಗೆ, ಕುರ್ಚಿಯಿಂದ ಏಳುವಾಗ ಯಾವ ಕೈ ಊರುತ್ತಾರೆ ಎಂಬುದು ಕೂಡ ಮಾಹಿತಿಯೇ. ಕೀಲು ಎಷ್ಟು ಮಡಚುತ್ತದೆ ಎಂಬುದನ್ನು ಗೋನಿಯೋಮೀಟರ್ ಎಂಬ ಕೋನಮಾಪಕದಿಂದ ಅಳೆಯುತ್ತಾರೆ. ಸ್ನಾಯುವಿನ ಬಲವನ್ನು 0ಯಿಂದ 5ರವರೆಗಿನ ಅಂಕಗಳಲ್ಲಿ ಗುರುತಿಸುತ್ತಾರೆ: ಅಲುಗಾಟದ ಸುಳಿವೇ ಇಲ್ಲದಿದ್ದರೆ 0, ಭೂಮಿಯ ಸೆಳೆತಕ್ಕೆ ಎದುರಾಗಿ ಅಂಗವನ್ನು ಎತ್ತಬಲ್ಲವರಿಗೆ 3, ಪೂರ್ಣ ಬಲಕ್ಕೆ 5. ಎರಡು ವಾರಗಳ ಅನಂತರ 1 ಇದ್ದದ್ದು 2 ಆಗಿದ್ದರೆ ಹೊರಗಿನವರ ಕಣ್ಣಿಗೆ ಏನೂ ಕಾಣದು; ಚಿಕಿತ್ಸಕರಿಗೆ ಅದು ದೊಡ್ಡ ಸುದ್ದಿ.

ಕೆಲವು ಚಿಹ್ನೆಗಳು ಕಂಡರೆ ವ್ಯಾಯಾಮ ಹೇಳಿಕೊಡದೆ ತಡಮಾಡದೆ ವೈದ್ಯರ ಬಳಿ ಕಳುಹಿಸುವುದೂ ಅವರ ಕರ್ತವ್ಯ. ಬೆನ್ನುನೋವಿನೊಂದಿಗೆ ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿನ ಭಾಗ ಮರಗಟ್ಟುವುದು, ಕಾಲಿನ ಬಲ ದಿನೇದಿನೇ ಕುಗ್ಗುವುದು ಬೆನ್ನಿನ ನರಗಳು ಒತ್ತಿಹೋಗುತ್ತಿರುವ ಲಕ್ಷಣ. ಜ್ವರ ಮತ್ತು ತೂಕ ಇಳಿಕೆ ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯವನ್ನು ಶಂಕಿಸಬೇಕು. ಇಂತಹ ರೋಗಿಗೆ ‘ಕರೆಂಟ್’ ಕೊಡುತ್ತ ಕೂತರೆ ನಷ್ಟವಾಗುವ ದಿನಗಳು ಮರಳಿ ಬರುವುದಿಲ್ಲ.

ಸಾಮಾನ್ಯ ಬೆನ್ನುನೋವಿನ ವಿಷಯದಲ್ಲಿ ಅಭಿಪ್ರಾಯವೇ ಬದಲಾಗಿದೆ. ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುವ ಹಳೆಯ ಸಲಹೆಯನ್ನು ಈಗ ಕೈಬಿಡಲಾಗಿದೆ. ತಡೆದುಕೊಳ್ಳುವಷ್ಟು ಓಡಾಡುತ್ತಿರುವುದೇ ಮೇಲು. ಮಂಡಿ ಸವೆತದಲ್ಲಿ ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವುದು ಮುಖ್ಯ ಉಪಾಯ.

ಕಾಫಿ ಸೀಮೆಯ ದುಡಿಮೆ ಮತ್ತು ದೇಹ

ಈ ಸೀಮೆಯ ಭೌತಚಿಕಿತ್ಸಕರಿಗೆ ತೋಟದ ಪಂಚಾಂಗ ಗೊತ್ತಿರಬೇಕು. ನವೆಂಬರ್‌ನಿಂದ ಅರೇಬಿಕಾ ಹಣ್ಣು ಕೊಯ್ಲು, ಅದರ ಹಿಂದೆಯೇ ರೋಬಸ್ಟಾ, ಕಾಳುಮೆಣಸು. ಮಳೆಗಾಲಕ್ಕೆ ಮುನ್ನ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ. ಆಮೇಲೆ ಚಿಗುರು ತೆಗೆಯುವುದು, ಕಳೆ, ಗೊಬ್ಬರ. ಪ್ರತಿಯೊಂದು ಕೆಲಸಕ್ಕೂ ಅದರದೇ ನೋವಿದೆ. ಸೊಂಟಕ್ಕೆ ಚೀಲ ಕಟ್ಟಿಕೊಂಡು, ಇಳಿಜಾರಿನಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ದಿನವಿಡೀ ಕೊಯ್ಯುವ ಹೆಂಗಸರಲ್ಲಿ ಕುತ್ತಿಗೆ, ಭುಜ ಮತ್ತು ಸೊಂಟದ ನೋವು ಸಾಮಾನ್ಯ. ಸಂಜೆ ತುಂಬಿದ ಚೀಲವನ್ನು ತಲೆಯ ಮೇಲೋ ಬೆನ್ನ ಮೇಲೋ ಹೊತ್ತು ತೂಕದ ಜಾಗಕ್ಕೆ ತರಬೇಕು. ಚೀಲ ಎತ್ತುವಾಗ ಸೊಂಟ ಬಾಗಿಸದೆ ಮಂಡಿ ಮಡಚಬೇಕೆಂಬ ಉಪದೇಶ ಪುಸ್ತಕದಲ್ಲಿ ಸರಿಯೇ. ಜಾರುವ ಮಣ್ಣಿನ ಇಳಿಜಾರಿನಲ್ಲಿ ಮಂಡಿ ಮಡಚಿ ನಿಲ್ಲಲು ಜಾಗವೇ ಇರುವುದಿಲ್ಲ. ಚೀಲವನ್ನು ಅರ್ಧ ತುಂಬಿಸಿ ಎರಡು ಸಲ ಹೊರುವುದು, ದಿಬ್ಬದ ಅಂಚಿಗೆ ಒರಗಿಸಿಟ್ಟು ಅಲ್ಲಿಂದ ಬೆನ್ನಿಗೇರಿಸುವುದು, ನಡುನಡುವೆ ಕೊಯ್ಯುವ ಬದಿ ಬದಲಿಸುವುದು ಇವು ಆಚರಣೆಗೆ ಬರುವ ಸಲಹೆಗಳು. ಮೇಸ್ತ್ರಿಯ ಒಪ್ಪಿಗೆಯೂ ಬೇಕು.

ಗಂಭೀರ ಗಾಯಗಳು ಹೆಚ್ಚಾಗಿ ಮರದಿಂದ ಬೀಳುವುದರಿಂದ ಆಗುತ್ತವೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸನ್ನು ಏಣಿ ಹಾಕಿ ಕೊಯ್ಯುವಾಗ, ಮರಗಸಿಯಲ್ಲಿ ಕೊಂಬೆ ಜಾರಿದಾಗ ಕಾಲಿನ ಮೂಳೆಯ ಜೊತೆಗೆ ಬೆನ್ನುಮೂಳೆಯೂ ಮುರಿಯಬಹುದು. ಹೀಗೆ ಬಿದ್ದವರನ್ನು ಕಂಬಳಿಯ ಜೋಲಿಯಲ್ಲಿ ಮಡಚಿ ಹೊತ್ತು ತರುವುದು ಅಪಾಯಕಾರಿ. ಬೆನ್ನು ಬಾಗದಂತೆ ಅಗಲವಾದ ಹಲಗೆಯ ಮೇಲೆ, ತಲೆ ಅಲುಗದಂತೆ ಎರಡೂ ಬದಿ ಬಟ್ಟೆಯ ಸುರುಳಿ ಇಟ್ಟು ತರಬೇಕು. ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಬಲ ಹೋದವರಲ್ಲಿ ಭೌತಚಿಕಿತ್ಸೆಯ ಮೊದಲ ಗುರಿ ನಡಿಗೆಯಲ್ಲ, ಒತ್ತುಹುಣ್ಣು ಆಗದಂತೆ ನೋಡಿಕೊಳ್ಳುವುದು. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೂತವರು ಆಗಾಗ ಕೈಯೂರಿ ಪೃಷ್ಠವನ್ನು ಮೇಲೆತ್ತಬೇಕು. ಸ್ಪರ್ಶಜ್ಞಾನವಿಲ್ಲದ ಕಾಲನ್ನು ಬೆಂಕಿಯ ಬಳಿ ಚಾಚುವುದು ಮಲೆನಾಡಿನ ಚಳಿಯಲ್ಲಿ ಆಗಿಬಿಡುವ ಅನಾಹುತ. ಸುಟ್ಟದ್ದು ತಿಳಿಯುವುದೇ ಇಲ್ಲ.

1951ರ ತೋಟ ಕಾರ್ಮಿಕರ ಕಾಯ್ದೆಯು ತೋಟದ ಮಾಲೀಕರು ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯವನ್ನೂ ವಸತಿಯನ್ನೂ ಒದಗಿಸಬೇಕೆಂದು ವಿಧಿಸಿತ್ತು. ಆ ವಿಷಯಗಳು ಈಗ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಸೇರಿವೆ. ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವಾದ್ದರಿಂದ, ದೊಡ್ಡ ಎಸ್ಟೇಟುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಇಂತಹ ವಿಧಿಗಳ ನೆರಳು ಎಲ್ಲ ಕೂಲಿಗಾರರ ಮೇಲೂ ಬೀಳುವುದಿಲ್ಲ. ಋತುಮಾನಕ್ಕೆ ಬಂದು ಹೋಗುವ ಹೊರರಾಜ್ಯದ ಕೆಲಸಗಾರರಿಗೆ ಚಿಕಿತ್ಸೆಯನ್ನು ಮುಂದುವರಿಸುವುದು ಇನ್ನೂ ಕಷ್ಟ. ಅವರ ಭಾಷೆಯಲ್ಲಿ ವ್ಯಾಯಾಮ ವಿವರಿಸಲಾಗದೆ ಚಿತ್ರ ಬರೆದು ತೋರಿಸಬೇಕಾಗುತ್ತದೆ.

ಪಾರ್ಶ್ವವಾಯು: ಮನೆಯೇ ಚಿಕಿತ್ಸಾಲಯ

ಜನರು ‘ಲಕ್ವ’ ಎಂದು ಕರೆಯುವ ಪಾರ್ಶ್ವವಾಯುವಿನಲ್ಲಿ ಭೌತಚಿಕಿತ್ಸೆಯ ಬೆಲೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತು ಅಥವಾ ರಕ್ತಸ್ರಾವವಾಗಿ ದೇಹದ ಒಂದು ಮಗ್ಗುಲಿನ ಬಲ ಹೋಗುತ್ತದೆ. ಉಳಿದ ಮಿದುಳು ಅಭ್ಯಾಸದ ಮೂಲಕ ಕಳೆದುಹೋದ ಕೆಲಸವನ್ನು ಸ್ವಲ್ಪಮಟ್ಟಿಗೆ ಮತ್ತೆ ಕಲಿಯಬಲ್ಲದು. ಈ ಕಲಿಕೆ ಮೊದಲ ಮೂರು ತಿಂಗಳಲ್ಲಿ ಹೆಚ್ಚು ವೇಗವಾಗಿರುತ್ತದೆ. ಆಮೇಲೆಯೂ ನಿಧಾನವಾಗಿ ಮುಂದುವರಿಯುತ್ತದೆ. ಆ ಮೂರು ತಿಂಗಳನ್ನು ನಾಟಿ ಔಷಧಿ, ಪಥ್ಯ ಮತ್ತು ಸಂಪೂರ್ಣ ವಿಶ್ರಾಂತಿಯಲ್ಲಿ ಕಳೆದು, ಕೈ ಬಿಗಿದುಕೊಂಡ ಮೇಲೆ ಆಸ್ಪತ್ರೆಗೆ ಬರುವುದು ಇಂದಿಗೂ ನಡೆಯುತ್ತಿದೆ.

ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಮತ್ತು ಮೂಡಿಗೆರೆಯ ಎಂ.ಜಿ.ಎಂ. ಆಸ್ಪತ್ರೆ ಈ ಭಾಗದ ಪ್ರಮುಖ ಸರಕಾರಿ ಆಸ್ಪತ್ರೆಗಳು. ದೊಡ್ಡ ಶಸ್ತ್ರಚಿಕಿತ್ಸೆಗೆ ಮೂಡಿಗೆರೆ ಕಡೆಯವರು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ, ಕಳಸದವರು ಕುದುರೆಮುಖದ ಮೇಲೆ ಹಾದು ಮಣಿಪಾಲಕ್ಕೆ, ಚಿಕ್ಕಮಗಳೂರಿನವರು ಹಾಸನಕ್ಕೆ ಹೋಗುವುದುಂಟು. ಚಿಕಿತ್ಸೆ ಅಲ್ಲಿ ಮುಗಿಯುತ್ತದೆ. ಪುನರ್ವಸತಿ ಇಲ್ಲಿ ಆರಂಭವಾಗಬೇಕು. ಬಿಡುಗಡೆಯ ಚೀಟಿಯಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ’ ಎಂಬ ಒಂದು ಸಾಲು ಇರುತ್ತದೆ. ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಬಾರಿ, ಯಾವುದನ್ನು ಮಾಡಬಾರದು ಎಂಬುದನ್ನು ಅಷ್ಟೇ ಸಾಲಿನಿಂದ ಊಹಿಸಲಾಗದು. ಮಳೆಗಾಲದಲ್ಲಂತೂ ಕಳಸದ ಬಳಿ ಭದ್ರಾ ನದಿಯ ಹೆಬ್ಬಾಳೆ ಸೇತುವೆ ಮುಳುಗುವುದು, ಘಾಟಿಯಲ್ಲಿ ಗುಡ್ಡ ಕುಸಿಯುವುದು ವರ್ಷವರ್ಷದ ಮಾತು. ವಾರಕ್ಕೆ ಮೂರು ದಿನ ಚಿಕಿತ್ಸೆಗೆ ಬರಬೇಕೆಂಬ ಸೂಚನೆ ಇಲ್ಲಿ ಹಲವರ ಪಾಲಿಗೆ ಕಾಗದದ ಮೇಲೆಯೇ ಉಳಿಯುತ್ತದೆ.

ಆದುದರಿಂದ ಅನುಭವಿ ಭೌತಚಿಕಿತ್ಸಕರು ಮೊದಲ ಭೇಟಿಯಲ್ಲಿಯೇ ರೋಗಿಯೊಂದಿಗೆ ಬಂದವರಿಗೂ ಪಾಠ ಮಾಡುತ್ತಾರೆ. ಬಲಹೀನವಾದ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಬಾರದು. ಭುಜದ ಕೀಲು ಜಾರುತ್ತದೆ. ಮಲಗಿಸುವಾಗ ಆ ಕೈಯ ಕೆಳಗೆ ದಿಂಬಿಡಬೇಕು. ಊಟ, ಮಾತು, ರೇಡಿಯೊ ಎಲ್ಲವೂ ಬಲಹೀನ ಮಗ್ಗುಲಿನ ಕಡೆಯಿಂದ ಬಂದರೆ ರೋಗಿಯ ಗಮನ ಆ ಕಡೆಗೆ ಹೊರಳುತ್ತದೆ. ಹೇಳಿಕೊಟ್ಟದ್ದನ್ನು ಮನೆಯವರಿಂದಲೇ ಒಮ್ಮೆ ಮಾಡಿಸಿ ನೋಡದೆ ಕಳುಹಿಸುವುದು ಸರಿಯಲ್ಲ. ‘ಅರ್ಥವಾಯಿತೆ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ.

ಮನೆಭೇಟಿ ಸಾಧ್ಯವಾದರೆ ಕಾಣುವ ಸಂಗತಿಗಳೇ ಬೇರೆ. ಲೈನ್ ಮನೆಯ ಎತ್ತರದ ಹೊಸ್ತಿಲು, ಕೈಹಿಡಿಕೆಯಿಲ್ಲದ ಕಲ್ಲಿನ ಮೆಟ್ಟಿಲು, ಗುಡ್ಡದ ಕೆಳಗಿರುವ ಕುಕ್ಕರುಗಾಲಿನ ಶೌಚಾಲಯ. ಆಸ್ಪತ್ರೆಯ ಹಜಾರದಲ್ಲಿ ಊರುಗೋಲು ಹಿಡಿದು ನಡೆದವರು ಇಲ್ಲಿ ಜಗಲಿ ದಾಟಲಾರರು. ಅಂಗಳದಲ್ಲಿ ಎರಡು ಸಾಲು ಗೂಟ ನೆಟ್ಟು ಬಿದಿರಿನ ಗಳ ಕಟ್ಟಿದರೆ ನಡಿಗೆಯ ಅಭ್ಯಾಸಕ್ಕೆ ಸರಳುಗಳಾಗುತ್ತವೆ. ಹಳೆಯ ಮರದ ಕುರ್ಚಿಯ ನಡುವೆ ತೂತು ಕೊರೆದರೆ ಶೌಚದ ಕುರ್ಚಿ ಸಿದ್ಧ. ಮಳೆಗಾಲದಲ್ಲಿ ಪಾಚಿಗಟ್ಟುವ ಅಂಗಳಕ್ಕೆ ಅಡಿಕೆ ಸೋಗೆ ಹಾಸುವ ಹಳೆಯ ರೂಢಿಯನ್ನು ಉಳಿಸಿಕೊಳ್ಳಲು ಹೇಳುವುದೂ ಚಿಕಿತ್ಸೆಯ ಭಾಗವೇ, ಏಕೆಂದರೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದ ವೃದ್ಧರು ಮತ್ತೆ ಮೊದಲಿನಂತೆ ಓಡಾಡುವುದು ಬಹಳ ಕಷ್ಟ. ಡೇವಿಡ್ ವರ್ನರ್ ಅವರು ಮೆಕ್ಸಿಕೋದ ಗುಡ್ಡಗಾಡಿನ ಅನುಭವದಿಂದ 1987ರಲ್ಲಿ ಪ್ರಕಟಿಸಿದ ಕೈಪಿಡಿಯು ಇಂತಹ ಮನೆಸಾಧನಗಳನ್ನು ಜಗತ್ತಿನಾದ್ಯಂತ ಪರಿಚಯಿಸಿತು.

ಮಕ್ಕಳು ಮತ್ತು ಶಾಲೆ

ಹುಟ್ಟಿದ ಮಗುವಿನ ಪಾದ ಒಳಕ್ಕೆ ತಿರುಚಿಕೊಂಡಿರುವುದು, ಕತ್ತು ನಿಲ್ಲುವುದು ತಡವಾಗುವುದು, ಕೈಕಾಲು ಬಿಗಿಯಾಗಿರುವುದು ಬೇಗ ಗುರುತಾದಷ್ಟೂ ಫಲ ಹೆಚ್ಚು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತವೆ. ಭೌತಚಿಕಿತ್ಸಕರು ಆ ಕೇಂದ್ರದ ಸಿಬ್ಬಂದಿಯಲ್ಲಿ ಸೇರಿದ್ದಾರೆ. ಶಾಲಾ ವಯಸ್ಸಿನ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಭೌತಚಿಕಿತ್ಸೆ ನೀಡುವ ವ್ಯವಸ್ಥೆಯಿದೆ. ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣವಿದ್ದು, ವಿಶೇಷ ಸಂಪನ್ಮೂಲ ಶಿಕ್ಷಕರು ಮನೆಗೆ ಹೋಗುತ್ತಾರೆ.

ಇಲ್ಲಿ ಭೌತಚಿಕಿತ್ಸಕರೂ ಶಿಕ್ಷಕರೂ ಒಂದೇ ಮಗುವನ್ನು ಎರಡು ಕಡೆಯಿಂದ ನೋಡುತ್ತಾರೆ. ಮಿದುಳಿನ ಪಾರ್ಶ್ವವಾಯು ಇರುವ ಮಗುವಿಗೆ ಬೆನ್ನಿಗೂ ಪಾದಕ್ಕೂ ಆಸರೆಯಿರುವ ಕುರ್ಚಿ ಸಿಕ್ಕಿದರೆ ಕೈ ಬಿಡುವಾಗಿ ಬಳಪ ಹಿಡಿಯಲು ಬರುತ್ತದೆ. ಕುಳ್ಳಿರಿಸುವ ಭಂಗಿ ತಪ್ಪಿದಾಗ ಮಗುವಿನ ಶಕ್ತಿಯೆಲ್ಲ ಬೀಳದಂತೆ ಕೂರುವುದರಲ್ಲೇ ಮುಗಿದು, ‘ಕಲಿಕೆಯಲ್ಲಿ ಹಿಂದೆ’ ಎಂಬ ಷರಾ ದಾಖಲಾಗುತ್ತದೆ. ಷರಾ ಬರೆಯುವ ಮೊದಲು ಕುರ್ಚಿಯ ಎತ್ತರ ನೋಡುವ ಶಿಕ್ಷಕರು ಇದ್ದರೆ ಮಗುವಿಗೆ ಉಪಕಾರವಾದೀತು.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಮತ್ತು 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಇಂತಹ ಸಮುದಾಯ ಆಧಾರಿತ ಪುನರ್ವಸತಿಯಲ್ಲಿ ಹೆಸರಾಗಿವೆ. ರಾಜ್ಯ ಸರಕಾರವು ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸಿಕೊಂಡಿದೆ. ಅವರು ಚಿಕಿತ್ಸಕರಲ್ಲ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಿಗೆ ಸಿಗುವ ಸೌಲಭ್ಯಗಳನ್ನು ತಿಳಿಸುವುದು, ಅರ್ಜಿ ಬರೆಸುವುದು ಅವರ ಮುಖ್ಯ ಕೆಲಸ. ಆದರೂ ಯಾವ ಮನೆಯ ಒಳಕೋಣೆಯಲ್ಲಿ ಯಾರು ಮಲಗಿದ್ದಾರೆಂಬುದು ಊರಿನಲ್ಲಿ ಮೊದಲು ಗೊತ್ತಾಗುವುದು ಅವರಿಗೂ ಆಶಾ ಕಾರ್ಯಕರ್ತೆಯರಿಗೂ. ಹಿರಿಯ ನಾಗರಿಕರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವೂ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಭೌತಚಿಕಿತ್ಸೆಯನ್ನು ಒಳಗೊಂಡಿದೆ. ಭೌತಚಿಕಿತ್ಸಕರು ವಾರಕ್ಕೊಮ್ಮೆ ಒಂದು ಹೋಬಳಿಗೆ ಬರುವುದಾದರೆ, ಆ ದಿನ ಯಾವ ನಾಲ್ಕು ಮನೆಗಳಿಗೆ ಹೋಗಬೇಕೆಂಬ ಪಟ್ಟಿಯನ್ನು ಈ ಕಾರ್ಯಕರ್ತರು ಸಿದ್ಧಪಡಿಸಿಕೊಡಬಲ್ಲರು.